ಬೀಟೆಯ ಮೇಲೆ ಒಣಗದ ವಾರ್ನಿಷ್: ಮನೆಯಲ್ಲಿ ಮಾಡಿದ ಒಂದು ಜೊತೆ ಸ್ಪೀಕರ್ ಪೆಟ್ಟಿಗೆಗಳ ಪ್ರಕರಣ

ತೀರ್ಥಹಳ್ಳಿ ಕಡೆಯ ನನ್ನ ಸ್ನೇಹಿತರೊಬ್ಬರು ಕೈಯಾರೆ ಒಂದು ಜೊತೆ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡಿಕೊಂಡಿದ್ದರು. ಅವುಗಳಿಗೆ ಹಚ್ಚಿದ ಪಾರದರ್ಶಕ ಲೇಪ ಹೇಗೆ ಕೆಟ್ಟಿತು, ಅದರ ಕಾರಣವನ್ನು ಹೇಗೆ ಗುರುತಿಸಲಾಯಿತು, ಯಾವ ಕ್ರಮದಲ್ಲಿ ಸರಿಪಡಿಸಲಾಯಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಮರಕ್ಕೆ ಹಚ್ಚುವ ಲೇಪದ ವಿಷಯ ಬಂದಾಗ ನಮ್ಮಲ್ಲಿ ಚರ್ಚೆಯೆಲ್ಲ ಯಾವ ಕಂಪನಿಯ ಡಬ್ಬಿ ಒಳ್ಳೆಯದು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಈ ಪ್ರಕರಣದಲ್ಲಿ ಡಬ್ಬಿಯ ದೋಷ ಏನೂ ಇರಲಿಲ್ಲ. ಕೆಟ್ಟದ್ದು ಲೇಪಕ್ಕೂ ಅದರ ಕೆಳಗಿನ ಮರಕ್ಕೂ ಇರುವ ಸಂಬಂಧದಲ್ಲಿ; ಆಮೇಲೆ ಮಲೆನಾಡಿನ ಮಳೆಗಾಲ ಅದನ್ನು ಇನ್ನಷ್ಟು ಕೆಡಿಸಿತು.

ಪೆಟ್ಟಿಗೆಗಳ ರಚನೆಯನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ನಿರ್ಧಾರವೂ ಅದನ್ನೇ ಅವಲಂಬಿಸಿತ್ತು. ಪ್ರತಿ ಪೆಟ್ಟಿಗೆಯೂ ಸುಮಾರು 34 ಸೆಂ.ಮೀ. ಎತ್ತರ, 20 ಸೆಂ.ಮೀ. ಅಗಲ, 27 ಸೆಂ.ಮೀ. ಆಳವಿದ್ದು, ತಗ್ಗು ಸ್ವರಗಳಿಗೆ 5 ಇಂಚಿನ ಒಂದು ವೂಫರ್ ಮತ್ತು ಮೇಲಿನ ಸ್ವರಗಳಿಗೆ 1 ಇಂಚಿನ ಒಂದು ಡೋಮ್ ಟ್ವೀಟರ್ ಅದರಲ್ಲಿದ್ದವು. ಮೈಯೆಲ್ಲ 18 ಮಿ.ಮೀ. ದಪ್ಪದ ಎಂ.ಡಿ.ಎಫ್., ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ; ಅದರ ಮೇಲೆ ಅರ್ಧ ಮಿ.ಮೀ. ದಪ್ಪದ ತೇಗದ ವೆನೀರನ್ನು (ತೆಳು ಮರದ ಹಾಳೆಯನ್ನು) ರಬ್ಬರ್ ಅಂಟಿನಿಂದ, ಅಂದರೆ ಎರಡೂ ಕಡೆ ಬಳಿದು ಒಣಗಿಸಿ ಒತ್ತುವ ಬಗೆಯ ಅಂಟಿನಿಂದ, ಕೂರಿಸಿದ್ದರು. ಮುಂದಿನ ಹಲಗೆ ಮಾತ್ರ ಗಟ್ಟಿ ಬೀಟೆ. ಅಜ್ಜನ ಕಾಲದ ಮಂಚವೊಂದರಿಂದ ಬಿಚ್ಚಿ ತೆಗೆದ ಹಲಗೆಯನ್ನು ಕೊಯ್ದು, ಉದ್ದಕ್ಕೆ ಹಲಸಿನ ಮರದ ಎರಡು ಹಳದಿ ಗೆರೆಗಳನ್ನು ಕೂಡಿಸಿ, ಎರಡು ಪಕ್ಕಗಳ ನಡುವೆ ಕೂರಿಸಲಾಗಿತ್ತು. ಅದನ್ನು ಅಂಟಿನಿಂದ ಬಿಗಿಯದೆ, ಒಳಗಿನ ಪಟ್ಟಿಗೆ ಗಾಳಿ ಸೋರದಂತೆ ತಡೆಯುವ ಮೆತ್ತನೆಯ ಗ್ಯಾಸ್ಕೆಟ್ ಇಟ್ಟು ಉದ್ದ ತೂತುಗಳಲ್ಲಿ ಸ್ಕ್ರೂ ಹಾಕಿದ್ದರು. ಇದು ಬಹಳ ಒಳ್ಳೆಯ ಯೋಚನೆ. ಇದರ ಬೆಲೆ ಕೊನೆಯಲ್ಲಿ ಗೊತ್ತಾಗುತ್ತದೆ.

ಜೂನ್ ಮೊದಲ ಮಳೆಯ ಹೊತ್ತಿಗೆ ಅವರು ಇಡೀ ಪೆಟ್ಟಿಗೆಗೆ ಎಣ್ಣೆ ಆಧಾರಿತ ಪಾಲಿಯುರೆಥೇನ್ ವಾರ್ನಿಷನ್ನು ಬ್ರಷ್‌ನಿಂದ ಮೂರು ಸಲ ಹಚ್ಚಿದರು. ತೇಗದ ಪಕ್ಕಗಳು ಒಣಗಿದವು, ಮುಂದಿನ ಬೀಟೆ ಒಣಗಲಿಲ್ಲ. ವಾರಗಳು ಕಳೆದರೂ ಅಂಟಂಟು ಹೋಗದ್ದರಿಂದ ಆಗಸ್ಟಿನಲ್ಲಿ ಒಬ್ಬ ಪಾಲಿಶ್ ಕೆಲಸದವರಿಗೆ ಒಪ್ಪಿಸಿದರು. ಅವರು ಅದರ ಮೇಲೆಯೇ ಎನ್.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಎಂಬ ಬೇಗ ಆರುವ ಲೇಪವನ್ನು ಸ್ಪ್ರೇ ಮಾಡಿದರು. ಅಂದೇ ಸಂಜೆ ಬೀಟೆಯ ಮೇಲಿನ ಲೇಪ ಮುದುರಿಕೊಂಡಿತು. ತೇಗದ ಮೇಲೆ ಹಾಲು ಚೆಲ್ಲಿ ಒರೆಸಿದಂಥ ಬಿಳಿ ಮಬ್ಬು ಕವಿಯಿತು. ಒಂದು ಪೆಟ್ಟಿಗೆಯ ಮೇಲ್ಭಾಗದಲ್ಲಿ ವೆನೀರ್ ಎರಡು ಕಡೆ ಉಬ್ಬಿತು. ಪೆಟ್ಟಿಗೆಗಳು ನನ್ನ ಬಳಿಗೆ ಬಂದದ್ದು ಈ ಸ್ಥಿತಿಯಲ್ಲಿ.

ಕಾರಣದ ಹುಡುಕಾಟ

ಮೂರು ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಾಗ ಎಲ್ಲಕ್ಕೂ ಒಂದೇ ಕಾರಣ ಹುಡುಕುವುದು ಸಹಜ. ಮನೆಯವರು ಮಳೆಯನ್ನು ದೂರಿದರು, ಪಾಲಿಶ್ ಮಾಡಿದವರು ಹಳೆಯ ವಾರ್ನಿಷನ್ನು ದೂರಿದರು. ನಾನು ಬೀಟೆಯ ಹಲಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ವೂಫರ್ ಕೂರಲು ಹಲಗೆಯಲ್ಲಿ ಕೊರೆದ ತಗ್ಗಿನಲ್ಲಿ, ಅಂದರೆ ಲ್ಯಾಕರ್ ತಾಗದೆ ಹಳೆಯ ವಾರ್ನಿಷ್ ಮಾತ್ರ ಉಳಿದಿದ್ದ ಜಾಗದಲ್ಲಿ, ಹೆಬ್ಬೆರಳನ್ನು ಒತ್ತಿದೆ. ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದವು. ಒಣ ಹತ್ತಿಬಟ್ಟೆಯಿಂದ ಒರೆಸಿದರೆ ನೂಲಿನ ಎಳೆಗಳು ಅಲ್ಲೇ ಉಳಿದವು. ವೂಫರಿನ ಫೋಮ್ ಗ್ಯಾಸ್ಕೆಟ್ ವಾರ್ನಿಷಿಗೆ ಅಂಟಿಕೊಂಡು, ಬಿಚ್ಚುವಾಗ ಚೂರುಚೂರಾಗಿ ಕಿತ್ತುಬಂದಿತ್ತು. ಅದೇ ಡಬ್ಬಿಯ ವಾರ್ನಿಷ್ ಪೆಟ್ಟಿಗೆಯ ಹಿಂಭಾಗದ ತೇಗದ ಮೇಲೆ ಉಗುರಿಗೂ ಜಗ್ಗದಷ್ಟು ಗಟ್ಟಿಯಾಗಿತ್ತು. ಹಲಸಿನ ಗೆರೆಗಳ ಮೇಲೆಯೂ, ಬೀಟೆಯಿಂದ ಒಂದು ಕೂದಲೆಳೆಯಷ್ಟು ಆಚೆಗೆ, ಅದು ಒಣಗಿತ್ತು. ಒಂದೇ ಡಬ್ಬಿ, ಒಂದೇ ಕೈ, ಒಂದೇ ದಿನ, ಒಂದೇ ಗಾಳಿ. ಬದಲಾಗಿದ್ದದ್ದು ಮರ ಮಾತ್ರ.

ಎಣ್ಣೆ ಆಧಾರಿತ ವಾರ್ನಿಷ್ ಒಣಗುವುದು ಎರಡು ಹಂತದಲ್ಲಿ. ಮೊದಲು ಟರ್ಪೆಂಟೈನ್‌ನಂಥ ದ್ರಾವಕ ಆವಿಯಾಗುತ್ತದೆ. ಆಮೇಲೆ ಅದರಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕದೊಂದಿಗೆ ಸರಪಳಿ ಕ್ರಿಯೆಯಲ್ಲಿ ತೊಡಗಿ ಗಟ್ಟಿ ಪೊರೆಯಾಗುತ್ತದೆ. ಬೀಟೆಯ ಜಾತಿಯ ಮರಗಳ ಚೇಗಿನಲ್ಲಿ, ಅಂದರೆ ಒಳಗಿನ ಗಟ್ಟಿ ತಿರುಳಿನಲ್ಲಿ, ಫಿನಾಲ್ ಮತ್ತು ಕ್ವಿನೋನ್ ಗುಂಪಿನ ಸಹಜ ರಾಸಾಯನಿಕಗಳಿರುತ್ತವೆ. ಗೆದ್ದಲು, ಶಿಲೀಂಧ್ರಗಳಿಂದ ಮರವನ್ನು ಕಾಯುವುದು ಇವೇ. ವಾರ್ನಿಷಿನ ಆ ಸರಪಳಿ ಕ್ರಿಯೆಯನ್ನು ನಡುವೆಯೇ ಕಡಿದುಹಾಕುವುದೂ ಇವೇ. ಹಾಗಾಗಿ ಬೀಟೆಗೆ ನೇರವಾಗಿ ಹಚ್ಚಿದ ಎಣ್ಣೆ ವಾರ್ನಿಷ್ ವಾರಗಟ್ಟಲೆ ಬಿಟ್ಟರೂ ಮೆತ್ತಗೇ ಉಳಿಯಬಹುದು. ತೇಗದಲ್ಲಿಯೂ ಇಂಥ ಅಂಶವಿದೆ, ಆದರೆ ತೆಳು ವೆನೀರಿನಲ್ಲಿ ಅದರ ಪ್ರಮಾಣ ಕಡಿಮೆ. ನೂರು ವರ್ಷ ಹಳೆಯ ಮಂಚದ ಹಲಗೆಯಾದ್ದರಿಂದ ಎಣ್ಣೆಯೆಲ್ಲ ಆರಿಹೋಗಿರುತ್ತದೆ ಎಂಬ ಭಾವನೆ ಸ್ನೇಹಿತರಿಗಿತ್ತು. ಆರಿರುವುದು ಮೇಲ್ಪದರ, ತೋಪಡ ಹೊಡೆದು ಹೆರೆದೊಡನೆ ಹೊಸ ಮೈ ತೆರೆದುಕೊಳ್ಳುತ್ತದೆ.

ಉಳಿದ ಎರಡು ತೊಂದರೆಗಳ ಮೂಲ ಬೇರೆ. ಲ್ಯಾಕರನ್ನು ತೆಳ್ಳಗಾಗಿಸುವ ದ್ರಾವಕ, ಅಂದರೆ ಥಿನ್ನರ್, ತೀಕ್ಷ್ಣವಾದದ್ದು. ಅದು ಅರೆ ಒಣಗಿದ ವಾರ್ನಿಷನ್ನು ನೆನೆಸಿ ಉಬ್ಬಿಸಿ ಮುದುರಿಸಿತು. ಅದೇ ಥಿನ್ನರ್ ಅರ್ಧ ಮಿಲಿಮೀಟರ್ ವೆನೀರಿನ ಸೂಕ್ಷ್ಮ ರಂಧ್ರಗಳಿಂದ ಇಳಿದು ಕೆಳಗಿನ ರಬ್ಬರ್ ಅಂಟನ್ನು ಸಡಿಲಿಸಿದ್ದರಿಂದ ಗುಳ್ಳೆಗಳು ಎದ್ದವು. ಮೇಲ್ಭಾಗದ ಆ ತುಂಡಿನಲ್ಲಿ ಮಾತ್ರ ವಾರ್ನಿಷ್ ತೆಳ್ಳಗಿದ್ದದ್ದು ಅಲ್ಲೇ ಗುಳ್ಳೆ ಬಂದದ್ದಕ್ಕೆ ಹೊಂದಿಕೆಯಾಗುತ್ತದೆ. ಬಿಳಿ ಮಬ್ಬು ಮಾತ್ರ ನಿಜಕ್ಕೂ ಮಳೆಯ ಕೆಲಸ. ಥಿನ್ನರ್ ಬೇಗ ಆವಿಯಾಗುವಾಗ ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿ ತೇವದಿಂದ ತುಂಬಿದ್ದರೆ ಆ ತಣ್ಣನೆಯ ಮೈಮೇಲೆ ನೀರಿನ ಸೂಕ್ಷ್ಮ ಹನಿಗಳು ಕಟ್ಟಿ ಪೊರೆಯೊಳಗೆ ಸಿಕ್ಕಿಬೀಳುತ್ತವೆ. ಆಗಸ್ಟಿನ ತೀರ್ಥಹಳ್ಳಿಯಲ್ಲಿ ಗಾಳಿಯ ತೇವಾಂಶ ಶೇ 90ನ್ನು ಮುಟ್ಟುವುದು ಸಾಮಾನ್ಯ. ಅಂಥ ದಿನ ಎನ್.ಸಿ. ಲ್ಯಾಕರ್ ಸ್ಪ್ರೇ ಮಾಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಿರಾಕಿ ಎಷ್ಟೇ ಅವಸರಪಡಿಸಿದರೂ ಸರಿ.

ಧ್ವನಿಯ ಪ್ರಶ್ನೆ

ಕೆಲಸ ಆರಂಭಿಸುವ ಮೊದಲು ಸ್ನೇಹಿತರು ಒಂದು ಆತಂಕವನ್ನು ಮುಂದಿಟ್ಟರು: ಲೇಪವನ್ನು ಕೆರೆದು ಬೇರೆಯದನ್ನು ಹಚ್ಚಿದರೆ ಧ್ವನಿ ಬದಲಾಗುವುದಿಲ್ಲವೇ? ಪಿಟೀಲಿನ ವಾರ್ನಿಷ್ ಬಗ್ಗೆ ಕೇಳಿದವರಿಗೆ ಈ ಸಂದೇಹ ಬರುವುದು ನ್ಯಾಯವೇ. ಆದರೆ ಪಿಟೀಲಿನ ಮೇಲ್ಹಲಗೆ ಸುಮಾರು ಮೂರು ಮಿಲಿಮೀಟರ್ ದಪ್ಪದ್ದು, ಕಂಪಿಸುವುದೇ ಅದರ ಕೆಲಸ. ಸ್ಪೀಕರ್ ಪೆಟ್ಟಿಗೆಯ ಗೋಡೆ ಕಂಪಿಸದಷ್ಟೂ ಒಳ್ಳೆಯದು. ಲೆಕ್ಕ ಹಾಕಿ ನೋಡಬಹುದು: ಐದಾರು ಕೋಟ್ ಹಚ್ಚಿ ಒಣಗಿದ ಮೇಲೆ ಉಳಿಯುವ ಪೊರೆ ಹೆಚ್ಚೆಂದರೆ 0.15 ಮಿ.ಮೀ. ಹಲಗೆಯ ಅನುರಣನ ಆವೃತ್ತಿ, ಅಂದರೆ ಅದು ತಾನಾಗಿ ಕಂಪಿಸುವ ವೇಗ, ಅದರ ದಪ್ಪಕ್ಕೆ ಅನುಗುಣವಾಗಿ ಬದಲಾಗುತ್ತದೆ, ಪೊರೆ ಎಂ.ಡಿ.ಎಫ್.ನಷ್ಟೇ ಬಿಗಿ ಎಂದು ಭಾವಿಸಿದರೂ 18 ಮಿ.ಮೀ. ಹಲಗೆಯಲ್ಲಿ ಆ ಬದಲಾವಣೆ ಶೇ 1ನ್ನೂ ಮುಟ್ಟುವುದಿಲ್ಲ. ಅಂಚುಗಳನ್ನು ಎರಡು ಮಿ.ಮೀ.ಯಷ್ಟು ದುಂಡಾಗಿಸುವುದರಿಂದ ಧ್ವನಿ ಸುಧಾರಿಸುತ್ತದೆ ಎಂಬ ಮಾತೂ ಇದೇ ಬಗೆಯದು. 3,000 ಹರ್ಟ್ಸ್ ಧ್ವನಿಯ ಅಲೆಯುದ್ದ ಹನ್ನೊಂದು ಸೆಂ.ಮೀ.ಗಿಂತ ಹೆಚ್ಚು, ಅದಕ್ಕೆ ಎರಡು ಮಿ.ಮೀ. ಲೆಕ್ಕಕ್ಕಿಲ್ಲ. ಅಂಚನ್ನು ದುಂಡಾಗಿಸಬೇಕಾದದ್ದು ಲೇಪಕ್ಕಾಗಿ, ಏಕೆಂದರೆ ಚೂಪಾದ ಅಂಚಿನಿಂದ ಹಸಿ ವಾರ್ನಿಷ್ ಹಿಂದೆ ಸರಿದು ಅಲ್ಲಿ ತೀರ ತೆಳ್ಳಗಾಗುತ್ತದೆ, ಮೊದಲು ಸವೆಯುವುದೂ ಅಲ್ಲೇ.

ಲೇಪದಿಂದ ಸ್ಪೀಕರಿಗೆ ನಿಜವಾಗಿ ಅಪಾಯವಾಗುವುದು ಬೇರೆ ದಾರಿಯಲ್ಲಿ. ಕೋಟುಗಳ ನಡುವೆ ಉಜ್ಜಲು ಉಕ್ಕಿನ ನಾರನ್ನು ಬಳಸುವ ರೂಢಿಯಿದೆ. ಅದರ ಪುಡಿ ಪೆಟ್ಟಿಗೆಯ ಮೂಲೆಯಲ್ಲಿ ಉಳಿದರೆ ಮುಂದೊಂದು ದಿನ ವೂಫರಿನ ಆಯಸ್ಕಾಂತ ಅದನ್ನು ಎಳೆದುಕೊಂಡು ವಾಯ್ಸ್ ಕಾಯಿಲ್‌ನ (ಕೋನನ್ನು ಅಲುಗಿಸುವ ತಂತಿ ಸುರುಳಿಯ) ಸಂದಿಗೆ ಸೇರಿಸುತ್ತದೆ. ಆಮೇಲೆ ಕೇಳುವ ಕರಕರ ಶಬ್ದಕ್ಕೆ ಸುಲಭದ ಪರಿಹಾರವಿಲ್ಲ. ಅದಕ್ಕಾಗಿ ಇಲ್ಲಿ ನೈಲಾನ್ ಪ್ಯಾಡ್ ಮತ್ತು ಸ್ಯಾಂಡ್‌ಪೇಪರ್ ಹೊರತು ಬೇರೇನನ್ನೂ ಬಳಸಲಿಲ್ಲ. ದ್ರಾವಕದ ಆವಿ ಪೂರ್ತಿ ಹೋಗುವ ಮೊದಲು ಸ್ಪೀಕರುಗಳನ್ನು ಕೂರಿಸಿದರೆ, ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಕೋನಿನ ಸುತ್ತಲ ಅಂಟನ್ನೂ ಫೋಮನ್ನೂ ಮುಟ್ಟುತ್ತಿರುತ್ತದೆ. ಎರಡೂ ಸ್ಪೀಕರುಗಳು, ಅವುಗಳಿಗೆ ಸ್ವರಗಳನ್ನು ಹಂಚುವ ಕ್ರಾಸ್‌ಓವರ್, ಒಳಗಿನ ಹತ್ತಿ, ಹಿಂದಿನ ಟರ್ಮಿನಲ್‌ಗಳು ಎಲ್ಲವನ್ನೂ ತೆಗೆದು ಬೇರೆ ಕೋಣೆಯಲ್ಲಿ ಚೀಲ ಮುಚ್ಚಿ ಇಡಲಾಯಿತು.

ದುರಸ್ತಿ

ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ಕಾಯ್ದೆವು. ತೇವಾಂಶಮಾಪಕ ಮಧ್ಯಾಹ್ನದ ಹೊತ್ತು ಶೇ 60ಕ್ಕಿಂತ ಕೆಳಗೆ ತೋರಿಸತೊಡಗಿದ ಮೇಲೆ ಕೆಲಸಕ್ಕೆ ಕೈಹಾಕಿದ್ದು. ಮಳೆಗಾಲದಲ್ಲಿ ಇನ್ನೊಂದು ಪೀಡೆಯೂ ಇದೆ: ಸಂಜೆ ದೀಪ ಹಚ್ಚಿದೊಡನೆ ಮಳೆಹುಳುಗಳು ಬಂದು ಹಸಿ ವಾರ್ನಿಷಿನ ಮೇಲೆಯೇ ಕೂರುತ್ತವೆ.

ಬೀಟೆಯ ಹಲಗೆಯಿಂದ ಮೆತ್ತನೆಯ ಲೇಪವನ್ನು ಸ್ಯಾಂಡ್‌ಪೇಪರಿನಿಂದ ತೆಗೆಯಲಾಗದು, ಕಾಗದವೇ ಅಂಟಿನಿಂದ ಕಟ್ಟಿಕೊಳ್ಳುತ್ತದೆ. ಹಿಂದಿನ ಆಚಾರಿಗಳು ಒಡೆದ ಗಾಜಿನ ಅಂಚಿನಿಂದ ಕೆರೆಯುತ್ತಿದ್ದರು. ನಾನು ಬಳಸಿದ್ದು ಅದೇ ಕೆಲಸ ಮಾಡುವ ಉಕ್ಕಿನ ಸ್ಕ್ರೇಪರ್ ತಗಡು. ಬೆಲ್ಲದ ಪಾಕದ ಬಣ್ಣದ ಸಿಪ್ಪೆಗಳು ಸುರುಳಿಯಾಗಿ ಬಂದು, ಕೆಳಗೆ ಕಪ್ಪು-ನೇರಳೆ ಗೆರೆಗಳ ಮೈ ಕಾಣಿಸಿತು. ಬಳಿಕ 120, 180, 220ರ ಸ್ಯಾಂಡ್‌ಪೇಪರ್ (ಅಂಕಿ ಹೆಚ್ಚಿದಷ್ಟೂ ನುಣುಪು) ಹಾಕಿ, ಧೂಳು ತೆಗೆದು, ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಲಾಯಿತು. ಬಟ್ಟೆ ಮೊದಲು ಕಡುನೇರಳೆಯಾಯಿತು, ಬಟ್ಟೆ ಬದಲಿಸಿದಂತೆ ತಿಳಿಗಂದಾಯಿತು. ಹೀಗೆ ಮೇಲ್ಮೈಯ ಎಣ್ಣೆಯನ್ನು ಎಳೆದ ಮೇಲೆ ಮೊದಲ ಲೇಪವನ್ನು ತಡಮಾಡದೆ ಹಚ್ಚಬೇಕು, ಇಲ್ಲದಿದ್ದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಆ ಮೊದಲ ಲೇಪ ಅರಗು. ಈ ಪ್ರಕರಣದ ತಿರುಳು ಇಲ್ಲಿದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ಪಾಲಿಶ್ ಅಂಗಡಿಯ ಶೆಲ್ಯಾಕ್, ಒಣಗುವುದು ಸ್ಪಿರಿಟ್ ಆವಿಯಾಗುವುದರಿಂದ ಮಾತ್ರ. ಆಮ್ಲಜನಕದ ಸರಪಳಿ ಕ್ರಿಯೆ ಅದಕ್ಕೆ ಬೇಡ. ಆದ್ದರಿಂದ ಬೀಟೆಯ ರಾಸಾಯನಿಕ ಅದನ್ನು ತಡೆಯಲಾರದು. ಒಣಗಿದ ಮೇಲೆ ಅದು ಮರದ ಎಣ್ಣೆಗೂ ಮೇಲಿನ ವಾರ್ನಿಷಿಗೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಬಹುತೇಕ ಎಲ್ಲ ಬಗೆಯ ಹಳೆಯ ಲೇಪಕ್ಕೂ ಅದು ಹಿಡಿಯುತ್ತದೆ, ಬಹುತೇಕ ಎಲ್ಲ ಲೇಪವೂ ಅದಕ್ಕೆ ಹಿಡಿಯುತ್ತದೆ, ಒಂದೇ ಷರತ್ತಿನ ಮೇಲೆ: ಅರಗಿನಲ್ಲಿ ಸಹಜವಾಗಿರುವ ಶೇ 3ರಿಂದ 5ರಷ್ಟು ಮೇಣವನ್ನು ತೆಗೆದಿರಬೇಕು. ಮೇಣ ಉಳಿದರೆ ಪಾಲಿಯುರೆಥೇನ್ ಅದರ ಮೇಲಿಂದ ಸಿಪ್ಪೆಯಂತೆ ಏಳುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಚಕ್ಕೆ ಹಾಕಿ ಗಾಜಿನ ಜಾಡಿಯಲ್ಲಿ ಕರಗಿಸಿ, ಅಲುಗಾಡಿಸದೆ ಬಿಟ್ಟರೆ ಮೇಣ ಮೋಡದಂತೆ ಕೆಳಗಿಳಿಯುತ್ತದೆ. ಮೇಲಿನ ಜೇನುಬಣ್ಣದ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಕರಗಿಸಿದ ಅರಗು ಹಳತಾದರೆ ಗಟ್ಟಿಯಾಗಿ ಒಣಗುವ ಗುಣವನ್ನೇ ಕಳೆದುಕೊಳ್ಳುವುದರಿಂದ ಬೇಕಾದಷ್ಟನ್ನೇ ಹೊಸದಾಗಿ ಮಾಡಿಕೊಳ್ಳುವುದು ಲೇಸು. ಚನ್ನಪಟ್ಟಣದ ಬೊಂಬೆಗಳ ಹೊಳಪೆಲ್ಲ ಅರಗಿನದು. ಮತದಾನದ ಶಾಯಿಗೆ ಹೆಸರಾದ ಮೈಸೂರಿನ ಸರ್ಕಾರಿ ಕಾರ್ಖಾನೆ 1937ರಲ್ಲಿ ಶುರುವಾದದ್ದೂ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಇಷ್ಟು ಪರಿಚಿತವಾದ ವಸ್ತು ಇಂದು ಹವ್ಯಾಸಿಗಳ ಕಪಾಟಿನಲ್ಲಿ ಅಪರೂಪವಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬೀಟೆಗೆ ಅರಗು ಹಚ್ಚುವಾಗ ಎಚ್ಚರ ಬೇಕಾದ ಒಂದು ಜಾಗವಿದೆ. ಬೀಟೆಯ ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಒದ್ದೆ ಬಟ್ಟೆಯನ್ನು ಅಡ್ಡಡ್ಡ ಎಳೆದರೆ ಆ ಬಣ್ಣ ಹಲಸಿನ ಹಳದಿ ಗೆರೆಗಳ ಮೇಲೆ ಹರಡಿ, ಅವು ಕೆಸರು ಬಣ್ಣಕ್ಕೆ ತಿರುಗುತ್ತವೆ. ಅದಕ್ಕಾಗಿ ಮೊದಲು ಸಣ್ಣ ಕುಂಚದಿಂದ ಹಲಸಿನ ಗೆರೆಗಳಿಗಷ್ಟೇ ಅರಗು ತುಂಬಿ ಒಣಗಿಸಲಾಯಿತು. ಆಮೇಲೆ ಬಟ್ಟೆಯನ್ನು ಹೆಚ್ಚುಕಡಿಮೆ ಒಣಗಿದಂತೆ ಹಿಂಡಿ, ಮರದ ಎಳೆಯುದ್ದಕ್ಕೂ ಒಂದೇ ಎಳೆತದಲ್ಲಿ, ಹಿಂದೆ ಮುಂದೆ ಉಜ್ಜದೆ, ತೆಳುವಾಗಿ ಸವರಲಾಯಿತು. ಎರಡು ಪದರವಾದ ಮೇಲೆ ಬಣ್ಣ ಬಿಡುವುದು ನಿಂತಿತು.

ತೇಗದ ಪಕ್ಕಗಳನ್ನು ಪೂರ್ತಿ ಕೆರೆಯುವುದು ವಿವೇಕವಲ್ಲ ಎಂದು ತೀರ್ಮಾನಿಸಿದೆ. ಅರ್ಧ ಮಿ.ಮೀ. ವೆನೀರಿನಲ್ಲಿ ಕೈ ಸ್ವಲ್ಪ ಭಾರವಾದರೂ ಕೆಳಗಿನ ಎಂ.ಡಿ.ಎಫ್. ಇಣುಕುತ್ತದೆ, ಅಂಚಿನಲ್ಲಂತೂ ಖಚಿತ. ಅಲ್ಲಿ ಕೆಳಗಿನ ವಾರ್ನಿಷ್ ಚೆನ್ನಾಗಿಯೇ ಕೂತಿತ್ತು, ತೊಂದರೆ ಲ್ಯಾಕರಿನ ಮಬ್ಬಿನದು ಮಾತ್ರ. ಒಣ ದಿನವೊಂದರ ಮಧ್ಯಾಹ್ನ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಮಂಜಿನಂತೆ ಸಿಂಪಡಿಸಿದಾಗ ಲ್ಯಾಕರ್ ಅರೆಕ್ಷಣ ಮೆತ್ತಗಾಗಿ, ಸಿಕ್ಕಿಬಿದ್ದ ತೇವ ಹೊರಹೋಗಿ, ಮಬ್ಬಿನ ಅಡಿಯಿಂದ ತೇಗದ ಗೆರೆಗಳು ಮತ್ತೆ ಮೇಲೆದ್ದವು. ಲ್ಯಾಕರಿನ ಈ ಗುಣವನ್ನು ಮೆಚ್ಚಬೇಕು. ಒಮ್ಮೆ ಗಟ್ಟಿಯಾದ ಪಾಲಿಯುರೆಥೇನ್ ಹೀಗೆ ಮತ್ತೆ ಕರಗಿ ಕೂರುವುದಿಲ್ಲ. ಗುಳ್ಳೆಯಿದ್ದ ಜಾಗದಲ್ಲಿ ಮಾತ್ರ ಲೇಪವನ್ನು ತೆಗೆದು, ಬಟ್ಟೆಯ ಮೇಲಿಂದ ಹದವಾದ ಬಿಸಿಯ ಇಸ್ತ್ರಿ ಇಟ್ಟು, ಮರದ ತುಂಡಿನಿಂದ ತಣ್ಣಗಾಗುವವರೆಗೆ ಒತ್ತಿ ಹಿಡಿಯಲಾಯಿತು. ಚಿಕ್ಕ ಗುಳ್ಳೆ ಕೂತಿತು. ದೊಡ್ಡದನ್ನು ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸೀಳಿ, ಸಿರಿಂಜಿನಿಂದ ಎಪಾಕ್ಸಿ ಇಳಿಸಿ ಭಾರ ಹೇರಬೇಕಾಯಿತು; ಆ ಸೀಳು ಗೊತ್ತಿದ್ದವರ ಕಣ್ಣಿಗೆ ಇಂದಿಗೂ ಕಾಣುತ್ತದೆ.

ಮೇಲಿನ ಲೇಪಕ್ಕೆ ಸ್ನೇಹಿತರ ಮನಸ್ಸು ಅಗಸೆ ಎಣ್ಣೆಯ ಕಡೆಗಿತ್ತು. ಅದು ಹಚ್ಚಲು ಸುಲಭ, ಬಣ್ಣವೂ ಆಳ. ಆದರೆ ಹಸಿ ಅಗಸೆ ಎಣ್ಣೆ ಆರಲು ದಿನಗಟ್ಟಲೆ ಬೇಕು, ಬೀಟೆಯ ಮೇಲೆ ಅದಕ್ಕೂ ವಾರ್ನಿಷಿನದೇ ಗತಿ, ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟಿಗೆ ಅದು ಆಹಾರವೇ ಆಗುತ್ತದೆ. ಎರಡು ಭಾಗ ಬೆರೆಸುವ ಪಿ.ಯು. (ಪಾಲಿಯುರೆಥೇನ್) ಎಲ್ಲಕ್ಕಿಂತ ಗಟ್ಟಿ, ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಹಾನಿಕರ. ಸರಿಯಾದ ಮುಖಕವಚ ಮತ್ತು ಗಾಳಿಯ ವ್ಯವಸ್ಥೆ ಇಲ್ಲದ ಮನೆಯ ಜಗುಲಿಯಲ್ಲಿ ಅದನ್ನು ಸ್ಪ್ರೇ ಮಾಡುವುದನ್ನು ನಾನು ಒಪ್ಪುವುದಿಲ್ಲ. ಹಾಗಾಗಿ ಮೊದಲು ಸೋತ ಅದೇ ಎಣ್ಣೆ ವಾರ್ನಿಷನ್ನೇ ಆರಿಸಿಕೊಂಡೆವು. ಅದೇ ಡಬ್ಬಿ. ತೇಗದ ಮೈಯನ್ನು 320ರ ಕಾಗದದಿಂದ ಮಂಕಾಗಿಸಿ, ಅದಕ್ಕೂ ಒಂದು ತೆಳು ಪದರ ಅರಗು ಕೊಟ್ಟು, ವಾರ್ನಿಷಿಗೆ ಸಮಪ್ರಮಾಣ ಮಿನರಲ್ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಒರೆಸಿ ಹಚ್ಚುತ್ತ ಹೋದೆವು. ಒಂದೊಂದು ಪದರಕ್ಕೂ ಒಂದು ಹಗಲು ಒಂದು ರಾತ್ರಿಯ ಬಿಡುವು, ನಡುವೆ 400ರ ಕಾಗದದ ಹಗುರ ಕೈ. ಕೊನೆಯ ಪದರಕ್ಕೆ ಮಾತ್ರ ಮಂದ ಹೊಳಪಿನ ಸ್ಯಾಟಿನ್ ವಾರ್ನಿಷ್, ಏಕೆಂದರೆ ಅದರ ಹೊಳಪು ತಗ್ಗಿಸುವ ಪುಡಿ ಪದರ ಪದರವಾಗಿ ಕೂತರೆ ಬೀಟೆಯ ಆಳವನ್ನು ಮಸುಕಾಗಿಸುತ್ತದೆ. ವಾರ್ನಿಷ್ ಒರೆಸಿದ ಬಟ್ಟೆಗಳನ್ನು ಮುದ್ದೆಯಾಗಿ ಎಸೆಯದೆ ನೀರಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಒಣಗಿಸಲಾಯಿತು. ಆರುವ ಎಣ್ಣೆ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಆ ಬಿಸಿಗೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು.

ಬೀಟೆಯ ಮೇಲೆ ಮೊದಲ ವಾರ್ನಿಷ್ ಪದರ ಮರುದಿನ ಬೆಳಿಗ್ಗೆಯೇ ಕೈಗೆ ಅಂಟದೆ ಒಣಗಿತ್ತು. ಕಾರಣದ ಬಗ್ಗೆ ಮಾಡಿದ ಊಹೆಗೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿರಲಿಲ್ಲ.

ಮುಂದಿನ ಮಳೆಗಾಲದ ನಂತರ

ಒಂದು ತಿಂಗಳು ಬಿಟ್ಟು, ಮೂಗಿಟ್ಟು ನೋಡಿದರೂ ವಾಸನೆ ಬಾರದಾದ ಮೇಲೆ ಸ್ಪೀಕರುಗಳನ್ನು ಹೊಸ ಗ್ಯಾಸ್ಕೆಟ್‌ನೊಂದಿಗೆ ಕೂರಿಸಲಾಯಿತು. ವೂಫರ್ ಕೂರುವ ತಗ್ಗಿಗೆ ಅರಗನ್ನು ಮಾತ್ರ ಹಚ್ಚಿ ವಾರ್ನಿಷನ್ನು ಬಿಡಲಾಗಿತ್ತು, ಗ್ಯಾಸ್ಕೆಟ್ ಮತ್ತೆ ಅಂಟದಿರಲೆಂದು ಮತ್ತು ಅಂಚು ದಪ್ಪಗಾಗಿ ಸ್ಪೀಕರ್ ಬಿಗಿಯಾಗದಿರಲೆಂದು. ಪೆಟ್ಟಿಗೆಯ ಅಡಿಯಲ್ಲಿದ್ದ ರಬ್ಬರ್ ಕಾಲುಗಳನ್ನು ತೆಗೆದು ಕಾರ್ಕ್ ತುಂಡುಗಳನ್ನು ಹಾಕಿದೆವು; ಕೆಲವು ರಬ್ಬರಿನಲ್ಲಿರುವ ಮೆದುಕಾರಕ ಎನ್.ಸಿ. ಲ್ಯಾಕರಿಗೆ ಇಳಿದು ಕಲೆಮಾಡುತ್ತದೆ, ಮೆತ್ತಗಾಗಿಸುತ್ತದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಹೋಗಿ ನೋಡಿದಾಗ ಲೇಪ ಗಟ್ಟಿಯಾಗಿಯೇ ಇತ್ತು. ಬೂಷ್ಟು ಹಿಡಿದಿರಲಿಲ್ಲ, ಮಬ್ಬು ಮರಳಿರಲಿಲ್ಲ. ಸ್ಪೀಕರಿನ ಮುಂದಿನ ಮುಸುಕುಬಟ್ಟೆಯ ಚೌಕಟ್ಟು ಮುಚ್ಚಿದ್ದ ಭಾಗಕ್ಕೂ ತೆರೆದಿದ್ದ ಭಾಗಕ್ಕೂ ಬೀಟೆಯ ಬಣ್ಣದಲ್ಲಿ ತುಸು ವ್ಯತ್ಯಾಸ ಬಂದಿತ್ತು, ಏಕೆಂದರೆ ಪಾರದರ್ಶಕ ಲೇಪ ಬೆಳಕನ್ನು ತಡೆಯುವುದಿಲ್ಲ. ಕಿಟಕಿಯ ಎದುರಿನಿಂದ ಪೆಟ್ಟಿಗೆಗಳನ್ನು ಸರಿಸಿ ಇಡಲು ಹೇಳಿದ್ದೇನೆ.

ಇನ್ನೊಂದು ಅಂಶ ಬೇಸಿಗೆಯಲ್ಲಿ ಕಾಣಿಸಿಕೊಂಡಿತ್ತು. ಮಾರ್ಚ್‌ನಲ್ಲಿ ಬೀಟೆಯ ಹಲಗೆಗೂ ಪಕ್ಕಗಳಿಗೂ ನಡುವೆ ಗೆರೆಯಂಥ ಸಂದಿ ತೆರೆದು, ಜುಲೈಯಲ್ಲಿ ತಾನಾಗಿ ಮುಚ್ಚಿಕೊಂಡಿತು. ಲೇಪ ತೇವದ ಓಡಾಟವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಗಾಳಿಯ ತೇವಾಂಶ ಶೇ 80ರಿಂದ 40ಕ್ಕೆ ಇಳಿದು ಬಹುಕಾಲ ಅಲ್ಲೇ ನಿಂತರೆ 16 ಸೆಂ.ಮೀ. ಅಗಲದ ಇಂಥ ಹಲಗೆ ಎರಡೂವರೆ ಮಿಲಿಮೀಟರ್‌ವರೆಗೆ ಕುಗ್ಗಬಲ್ಲದು. ಲೇಪವಿದ್ದುದರಿಂದ ಇಲ್ಲಿ ಕುಗ್ಗಿದ್ದು ಅದಕ್ಕಿಂತ ಬಹಳ ಕಡಿಮೆ. ಹಲಗೆಯನ್ನು ಅಂಟಿನಿಂದ ಬಿಗಿದಿದ್ದರೆ ಅದು ನಡುವೆ ಸೀಳಿರುತ್ತಿತ್ತು. ಉದ್ದ ತೂತಿನ ಸ್ಕ್ರೂಗಳು ಮತ್ತು ಹಿಂದಿನ ಗ್ಯಾಸ್ಕೆಟ್ ಇರುವುದರಿಂದ ಹಲಗೆ ಸರಿದಾಡಿದರೂ ಗಾಳಿ ಸೋರುವುದಿಲ್ಲ. ಆ ಸಂದಿಯನ್ನು ಪುಟ್ಟಿಯಿಂದ ಮುಚ್ಚಿಕೊಡಿ ಎಂದು ಸ್ನೇಹಿತರು ಕೇಳಿದ್ದರು. ಮುಚ್ಚಿದರೆ ಮಳೆಗಾಲದಲ್ಲಿ ಹಿಗ್ಗುವ ಹಲಗೆ ಪಕ್ಕದ ವೆನೀರಿನ ಅಂಚನ್ನೇ ತಳ್ಳಿ ಎಬ್ಬಿಸುತ್ತದೆ, ಆದ್ದರಿಂದ ಅದನ್ನು ಹಾಗೆಯೇ ಬಿಟ್ಟು, ಸಂದಿಯೊಳಗೆ ಕಾಣುವ ಎಂ.ಡಿ.ಎಫ್. ಅಂಚಿಗೆ ಮಾತ್ರ ಕಪ್ಪು ಬಣ್ಣ ಸವರಿ ಕೊಟ್ಟಿದ್ದೇನೆ.